ಪ್ರಾಣವಾಯುವಿನ ಗುಣದೋಷಗಳು

ಕೆಂಡ ಮಾತ್ರ ಉಳಿದ ಕಡ್ಡಿಯನ್ನು ಆಮ್ಲಜನಕ ತುಂಬಿದ ಸೀಸೆಯೊಳಗೆ ಇಳಿಸಿದೊಡನೆ ಅದು ಭಗ್ಗನೆ ಹೊತ್ತಿಕೊಳ್ಳುವ ಪ್ರಯೋಗವನ್ನು ಮರೆತವರು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ವಿರಳವೆಂದು ನಂಬುತ್ತೇವೆ. ಆದರೆ ಅದರಿಂದ ಈ ವಾಯುವೇ ಉರಿಯತಕ್ಕದ್ದೆಂದು ತಿಳಿದುಕೊಂಡವರು ಬಹುಮಂದಿ ಇದ್ದಾರೆ. ಆಮ್ಲಜನಕವು ತಾನು ಉರಿಯದು. ಇತರ ವಸ್ತುಗಳನ್ನು ಉರಿಸುವದು. ರೋಗಿಗಳುಳ್ಳ ಮನೆಯವರು ಈ ಭೇದವನ್ನು ಚೆನ್ನಾಗಿ ಅರಿತಿರುವದು ಅವಶ್ಯ.

ಈ ವಾಯುವಿಗೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ನಾವು ಉಸಿರಾಡುವ ಗಾಳಿಯ ನೂರು ಪಾಲಿನಲ್ಲಿ ಸುಮಾರು 21 ಪಾಲೂ, ನೀರಿನ ತೂಕದ ಒಂಬತ್ತು ಪಾಲಿನಲ್ಲಿ ಎಂಟು ಪಾಲೂ ಇದೇ ಆಗಿರುತ್ತದೆ. 1774ರಲ್ಲಿ ಇಂಗ್ಲೆಂಡಿನ ಪ್ರೀಸ್ಟ್ಲಿಯು ಪಾದರಸದ ಕೆಂಪು ಭಸ್ಮವನ್ನು ಕಾಯಿಸಿ ಇದನ್ನು ಪಡೆದನು. ಸ್ವೀಡನ್ನಿನ ಷೀಲೆಯು ಅದಕ್ಕೂ ಮೊದಲೇ ಪಡೆದಿದ್ದನು. ಆಮ್ಲಗಳೆಲ್ಲ ಇದರಿಂದಲೇ ಹುಟ್ಟುವವೆಂದೆಣಿಸಿ ಫ್ರಾನ್ಸಿನ ಲವಾಸಿಯೆಯು ಇಟ್ಟ ಹೆಸರನ್ನೇ ನಾವು ಆಮ್ಲಜನಕವೆಂದು ಕನ್ನಡಿಸಿಕೊಂಡಿದ್ದೇವೆ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಇದರ ಲೇಶವೂ ಇಲ್ಲವಾದ್ದರಿಂದ ಆ ಹೆಸರು ತಪ್ಪೆಂದೇ ಹೇಳಬೇಕು. ಪ್ರಾಣವಾಯುವೆಂಬ ಹೆಸರು ನಮಗೆ ಹೆಚ್ಚು ಒಪ್ಪುತ್ತದೆ.

ಗಾಳಿಯನ್ನು ಅತಿಯಾಗಿ ತಣಿಸಿ ದ್ರವವನ್ನಾಗಿ ಮಾಡಿ ಇದನ್ನು ಬೇರ್ಪಡಿಸುತ್ತಾರೆ. ಇದು ಸೊನ್ನೆಗಿಂತ 183 ಡಿಗ್ರಿ ಕೆಳಗೆ ತಿಳಿನೀಲಿ ದ್ರವವಾಗುವದು. ಉಕ್ಕು ತಯಾರಿಸುವದಕ್ಕೂ ಲೋಹಗಳನ್ನು ಬೆಸೆಯುವದಕ್ಕೂ ಇದು ಬೇಕು. 2021ರ ಕೋವಿಡ್ ಪಿಡುಗಿನಲ್ಲಿ ಬಳ್ಳಾರಿ ಸೀಮೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಆಸ್ಪತ್ರೆಗಳಿಗೆ ದ್ರವ ಆಮ್ಲಜನಕವು ಹೋದದ್ದು ಈ ಕಾರಣದಿಂದಲೇ.

ಈಗ ಆಮ್ಲಜನಕದ ಯಂತ್ರಗಳೂ ಸಿಲಿಂಡರುಗಳೂ ಅನೇಕರ ಮನೆಗಳನ್ನು ಸೇರಿವೆ. ರೋಗಿಯ ಮೂಗಿನ ನಳಿಕೆಯಿಂದ ಸೋರಿದ ವಾಯುವು ಸೀರೆಯಲ್ಲಿಯೂ ಹೊದಿಕೆಯಲ್ಲಿಯೂ ಕೂದಲಿನಲ್ಲಿಯೂ ಸೇರಿಕೊಂಡು ಕೆಲ ಹೊತ್ತು ಅಲ್ಲಿಯೇ ನಿಲ್ಲುವದು. ಅಂಥ ಬಟ್ಟೆಗೆ ಕಿಡಿ ತಾಗಿದರೆ ಅದು ಸಾಮಾನ್ಯ ಬಟ್ಟೆಯಂತೆ ಮೆಲ್ಲಗೆ ಹತ್ತದೆ, ಆ ಕಡ್ಡಿಯಂತೆಯೇ ಒಮ್ಮೆಲೆ ಉರಿದೇಳುವದು. ಆದಕಾರಣ ಬೀಡಿ, ಊದುಬತ್ತಿ, ಮೇಣದ ಬತ್ತಿ, ಒಲೆ ಇವು ಯಾವುವೂ ಅಲ್ಲಿ ಸಮೀಪದಲ್ಲಿ ಇರಕೂಡದು. ಯಂತ್ರವನ್ನು ನಿಲ್ಲಿಸಿದ ಕೂಡಲೇ ರೋಗಿಯು ಅಡಿಗೆಮನೆಗೆ ಹೋಗುವದೂ ಸಲ್ಲದು, ಬಟ್ಟೆಗಳು ಗಾಳಿಯಾಡಬೇಕು. ಸಿಲಿಂಡರಿನ ತಿರುಪು ಬಿಗಿಯಾಗಿದೆಯೆಂದು ಎಣ್ಣೆ ಹಾಕುವವರುಂಟು. ಅಧಿಕ ಒತ್ತಡದ ಆಮ್ಲಜನಕವು ತಾಗಿದಾಗ ಎಣ್ಣೆಯು ಬೆಂಕಿಯಿಲ್ಲದೆಯೂ ಹೊತ್ತಿಕೊಳ್ಳಬಹುದು. ಎಣ್ಣೆಗೈಯಿಂದ ಅದನ್ನು ಮುಟ್ಟಲೂ ಬಾರದು.

ತಾಯಂದಿರಿಗಾಗಿ ಇನ್ನೊಂದು ಮಾತು. 1940ರ ದಶಕದಲ್ಲಿ ಪಾಶ್ಚಾತ್ಯ ದೇಶಗಳ ಉತ್ತಮ ಆಸ್ಪತ್ರೆಗಳಲ್ಲಿಯೇ, ದಿನ ತುಂಬುವ ಮೊದಲು ಹುಟ್ಟಿದ ಸಾವಿರಾರು ಕೂಸುಗಳು ಕುರುಡಾದವು. ಬಡ ಆಸ್ಪತ್ರೆಗಳಲ್ಲಿ ಇದು ಕಡಿಮೆಯಾಗಿದ್ದದ್ದು ವೈದ್ಯರಿಗೆ ಒಗಟಾಯಿತು. ಮೆಲ್ಬರ್ನಿನ ಕೇಟ್ ಕ್ಯಾಂಬೆಲ್ ಎಂಬ ವೈದ್ಯೆಯು, ಧಾರಾಳವಾಗಿ ಕೊಟ್ಟ ಆಮ್ಲಜನಕವೇ ಇದಕ್ಕೆ ಕಾರಣವಿರಬೇಕೆಂದು 1951ರಲ್ಲಿ ತೋರಿಸಿದಳು. ಅಮೇರಿಕದ ಪರೀಕ್ಷೆಗಳು ಅದನ್ನು ಸ್ಥಿರಪಡಿಸಿದವು. ಹಾಗೆಂದು ಅದನ್ನು ಕೊಡದಿದ್ದರೆ ಕೂಸಿನ ಪ್ರಾಣಕ್ಕೇ ಅಪಾಯ. ಆದ್ದರಿಂದ ಈಗ ಕಾಲಿಗೋ ಕೈಗೋ ಕಟ್ಟುವ ಸಣ್ಣ ಯಂತ್ರದಿಂದ ರಕ್ತದಲ್ಲಿಯ ಆಮ್ಲಜನಕವನ್ನು ಎಡೆಬಿಡದೆ ನೋಡುತ್ತ ಅಳತೆಯಿಂದ ಕೊಡುತ್ತಾರೆ. 34 ವಾರಗಳೊಳಗೆ ಅಥವಾ 2 ಕಿಲೋಗ್ರಾಮಿಗಿಂತ ಕಡಿಮೆ ತೂಕದಿಂದ ಹುಟ್ಟಿದ ಕೂಸಿನ ಕಣ್ಣುಗಳನ್ನು 30 ದಿನಗಳೊಳಗೆ ನೇತ್ರವೈದ್ಯರಿಂದ ಪರೀಕ್ಷೆ ಮಾಡಿಸತಕ್ಕದ್ದು. ಆಸ್ಪತ್ರೆಯವರು ತಾವಾಗಿ ಹೇಳದಿದ್ದರೆ ತಾಯಿಯೇ ಕೇಳಬೇಕು.