1789ರ ಅಮೇರಿಕದ ಅಧ್ಯಕ್ಷೀಯ ಚುನಾವಣೆ: ನ್ಯೂಯಾರ್ಕ್

ಅಮೇರಿಕ ಸಂಯುಕ್ತ ಸಂಸ್ಥಾನದ ಪ್ರಥಮ ಅಧ್ಯಕ್ಷೀಯ ಚುನಾವಣೆಯಲ್ಲಿ ನ್ಯೂಯಾರ್ಕ್ ರಾಜ್ಯವು ಮತ ಚಲಾಯಿಸಲಿಲ್ಲ. ಉತ್ತರ ಕೆರೊಲಿನಾ ಮತ್ತು ರೋಡ್ ಐಲೆಂಡ್ ಆ ವೇಳೆಗೆ ಸಂವಿಧಾನವನ್ನು ಅಂಗೀಕರಿಸದೆ ಹೊರಗುಳಿದಿದ್ದವು. ನ್ಯೂಯಾರ್ಕ್ 1788ರ ಜುಲೈ 26ರಂದೇ ಅದನ್ನು ಅಂಗೀಕರಿಸಿತ್ತು. ಆದರೂ ತನ್ನ ಪಾಲಿನ 8 ಮತಗಳನ್ನು ಅದು ಶಾಸಕಾಂಗದ ಒಳಜಗಳದಿಂದ ಕಳೆದುಕೊಂಡಿತು.

ಎಲೆಕ್ಟರುಗಳನ್ನು ಆರಿಸುವ ವಿಧಾನವನ್ನು ಸಂವಿಧಾನವು ಆಯಾ ರಾಜ್ಯದ ಶಾಸಕಾಂಗಕ್ಕೆ ಬಿಟ್ಟಿದೆ. ಅವರ ಆಯ್ಕೆಗೆ 1789ರ ಜನವರಿ 7, ಅವರು ಮತ ನೀಡಲು ಫೆಬ್ರವರಿ 4 ಗೊತ್ತಾಗಿದ್ದವು. ನ್ಯೂಯಾರ್ಕಿನ ಸೆನೆಟ್ ಫೆಡರಲಿಸ್ಟರ ಹಿಡಿತದಲ್ಲಿತ್ತು. ಅಸೆಂಬ್ಲಿಯಲ್ಲಿ ಗವರ್ನರ್ ಜಾರ್ಜ್ ಕ್ಲಿಂಟನ್‌ರ ಬೆಂಬಲಿಗರಾದ ಆಂಟಿ-ಫೆಡರಲಿಸ್ಟರದೇ ಬಹುಮತ. ಎರಡೂ ಸದನಗಳು ಒಟ್ಟಿಗೆ ಕುಳಿತು ಮತ ಹಾಕಬೇಕೆಂದು ಅಸೆಂಬ್ಲಿ ವಾದಿಸಿತು. ಹಾಗಾದರೆ ಸದಸ್ಯಬಲದಲ್ಲಿ ಚಿಕ್ಕದಾದ ಸೆನೆಟ್‌ನ ಮಾತಿಗೆ ಬೆಲೆಯಿರುತ್ತಿರಲಿಲ್ಲ. ಆದ್ದರಿಂದ ಸೆನೆಟ್ ತನಗೆ ಸಮಾನ ಅಧಿಕಾರ ಬೇಕೆಂದು ಪಟ್ಟು ಹಿಡಿಯಿತು. ತತ್ತ್ವದ ಭಾಷೆಯಲ್ಲಿ ನಡೆದ ಈ ಚರ್ಚೆಯ ತಿರುಳು ಸಂಖ್ಯೆಯ ಲೆಕ್ಕಾಚಾರವೇ ಆಗಿತ್ತು. ಯಾರೂ ಮಣಿಯಲಿಲ್ಲ, ಗಡುವು ಕಳೆಯಿತು.

ಫಲಿತಾಂಶದ ಮೇಲೆ ಇದರ ಪರಿಣಾಮ ಅಲ್ಪ. ಮತ ನೀಡಿದ 69 ಎಲೆಕ್ಟರುಗಳೂ ಜಾರ್ಜ್ ವಾಷಿಂಗ್ಟನ್‌ರನ್ನು ಬೆಂಬಲಿಸಿದರು. 34 ಮತ ಪಡೆದ ಜಾನ್ ಆಡಮ್ಸ್ ಉಪಾಧ್ಯಕ್ಷರಾದರು. ಆ ಸ್ಥಾನಕ್ಕೆ ಕ್ಲಿಂಟನ್‌ರ ಹೆಸರೂ ಕೇಳಿಬಂದಿತ್ತಾದರೂ ಅವರಿಗೆ ದೊರೆತದ್ದು 3 ಮತಗಳು, ಅವೂ ವರ್ಜೀನಿಯಾದವು. ತವರಿನ 8 ಮತಗಳು ಸೇರಿದ್ದರೂ ಅವರು ಆಡಮ್ಸ್‌ರನ್ನು ಮೀರುವಂತಿರಲಿಲ್ಲ.

ಆಗ ರಾಷ್ಟ್ರದ ರಾಜಧಾನಿ ನ್ಯೂಯಾರ್ಕ್ ನಗರವೇ ಆಗಿದ್ದುದು ವಿಪರ್ಯಾಸ. 1789ರ ಏಪ್ರಿಲ್ 30ರಂದು ಅಲ್ಲಿನ ಫೆಡರಲ್ ಹಾಲ್‌ನಲ್ಲಿ ವಾಷಿಂಗ್ಟನ್‌ರಿಗೆ ಪ್ರಮಾಣವಚನ ಬೋಧಿಸಿದವರು ಅದೇ ರಾಜ್ಯದ ಚಾನ್ಸಲರ್ ರಾಬರ್ಟ್ ಲಿವಿಂಗ್‌ಸ್ಟನ್. ಅಂದಿಗೆ ರಾಷ್ಟ್ರೀಯ ಸೆನೆಟ್‌ನಲ್ಲಿಯೂ ನ್ಯೂಯಾರ್ಕಿನ ಎರಡು ಸ್ಥಾನಗಳು ಖಾಲಿ ಇದ್ದವು. ಅವುಗಳ ಆಯ್ಕೆಯೂ ಇದೇ ಬಗೆಯ ಕಲಹಕ್ಕೆ ಸಿಲುಕಿತ್ತು. ಫಿಲಿಪ್ ಸ್ಕೈಲರ್ ಮತ್ತು ರೂಫಸ್ ಕಿಂಗ್ ಆ ಸ್ಥಾನಗಳಿಗೆ ಆಯ್ಕೆಯಾದದ್ದು ಜುಲೈ ತಿಂಗಳಲ್ಲಿ.

ನ್ಯೂಯಾರ್ಕ್ ಮೊದಲ ಬಾರಿಗೆ ಅಧ್ಯಕ್ಷರ ಆಯ್ಕೆಯಲ್ಲಿ ಪಾಲ್ಗೊಂಡದ್ದು 1792ರಲ್ಲಿ. ಆಗ ಅದರ 12 ಎಲೆಕ್ಟರುಗಳೂ ವಾಷಿಂಗ್ಟನ್ ಹಾಗೂ ಕ್ಲಿಂಟನ್‌ರಿಗೆ ಮತ ನೀಡಿದರು.