‘ಮಾಲಕನನ್ನೇ ಕೇಳಿ ನೋಡಿ’: ಪ್ಯಾಕರ್ಡ್ ಕಾರಿನ ಏಳುಬೀಳು

ಹೊಸ ಪಂಪುಸೆಟ್ಟು ಕೊಳ್ಳಲು ಹೊರಟ ಕೃಷಿಕ ಅಂಗಡಿಯವನ ಹೊಗಳಿಕೆಯನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಾನೆ. ಅದೇ ಪಂಪನ್ನು ನಾಲ್ಕು ಬೇಸಗೆ ಓಡಿಸಿದ ನೆರೆಕರೆಯವರೊಬ್ಬರು “ತೊಂದರೆಯಿಲ್ಲ ಮಾರಾಯರೇ, ತೆಗೆದುಕೊಳ್ಳಿ” ಎಂದ ಮೇಲೆಯೇ ಅವನ ಕೈ ಕಿಸೆಗೆ ಹೋಗುವುದು. ವಸ್ತುವಿನ ನಿಜಗುಣ ಬಲ್ಲವನು ಅದನ್ನು ಮಾಡಿದವನೂ ಅಲ್ಲ, ಮಾರಿದವನೂ ಅಲ್ಲ, ಬಳಸಿದವನು. ಈ ಸರಳ ಸತ್ಯವನ್ನೇ ಬಂಡವಾಳ ಮಾಡಿಕೊಂಡು ಸುಮಾರು ಅರುವತ್ತು ವರ್ಷ ಬಾಳಿದ ಕಾರು ಅಮೇರಿಕದಲ್ಲೊಂದಿತ್ತು. ಅದರ ಹೆಸರು ಪ್ಯಾಕರ್ಡ್. ಒಬ್ಬ ಮಾಲಕನ ದೂರಿನಿಂದ ಹುಟ್ಟಿ, ಮಾಲಕರ ಮೆಚ್ಚುಗೆಯಿಂದ ಬೆಳೆದು, ಕೊನೆಗೆ ಮಾಲಕರ ದೂರುಗಳ ನಡುವೆಯೇ ಕಣ್ಮುಚ್ಚಿದ ಕಾರು ಅದು.

ದೂರಿನಿಂದ ಹುಟ್ಟಿದ ಕಾರು

ಜೇಮ್ಸ್ ವಾರ್ಡ್ ಪ್ಯಾಕರ್ಡ್ 1863ರಲ್ಲಿ ಓಹಾಯೋ ರಾಜ್ಯದ ವಾರೆನ್ ಎಂಬ ಊರಿನಲ್ಲಿ ಹುಟ್ಟಿದವರು. ಲೀಹಾಯ್ ವಿಶ್ವವಿದ್ಯಾನಿಲಯದಲ್ಲಿ ಇಂಜಿನಿಯರಿಂಗ್ ಕಲಿತು, ಅಣ್ಣ ವಿಲಿಯಂ ಜತೆಗೂಡಿ 1890ರಲ್ಲಿ ತಮ್ಮ ಊರಿನಲ್ಲೇ ವಿದ್ಯುದ್ದೀಪಗಳನ್ನು ತಯಾರಿಸುವ ಕಂಪೆನಿ ತೆರೆದರು. ಯಂತ್ರವೆಂದರೆ ಅವರಿಗೆ ಪ್ರಾಣ. ಕುದುರೆಯಿಲ್ಲದ ಗಾಡಿಗಳು ಆಗಷ್ಟೇ ಕಣ್ಣುಬಿಡುತ್ತಿದ್ದ ಕಾಲವದು. 1898ರಲ್ಲಿ ಅವರು ಕ್ಲೀವ್‌ಲ್ಯಾಂಡ್ ನಗರದ ಅಲೆಕ್ಸಾಂಡರ್ ವಿಂಟನ್ ಎಂಬ ಉದ್ಯಮಿಯಿಂದ ಒಂದು ಕಾರು ಕೊಂಡರು.

ಕಾರು ಊರು ಸೇರುವ ಮೊದಲೇ ಕೆಟ್ಟಿತು. ಕ್ಲೀವ್‌ಲ್ಯಾಂಡಿನಿಂದ ವಾರೆನ್‌ಗೆ ಐವತ್ತು ಮೈಲಿಗೂ ಮಿಕ್ಕಿದ ದಾರಿ. ಕೊನೆಗೆ ಕುದುರೆಗಳನ್ನು ಕಟ್ಟಿ ಅದನ್ನು ಎಳೆಸಬೇಕಾಯಿತೆಂದು ಹೇಳುತ್ತಾರೆ. ಆ ಬಳಿಕವೂ ರಿಪೇರಿಗೆ ಕೊನೆಯಿರಲಿಲ್ಲ. ಪ್ಯಾಕರ್ಡ್ ಮತ್ತೆ ಮತ್ತೆ ವಿಂಟನ್ ಬಳಿಗೆ ಹೋಗಿ ಕಾರಿನ ದೋಷಗಳನ್ನು ಹೇಳಿದರು. ಸರಿಪಡಿಸುವ ಬಗೆಯನ್ನೂ ಸೂಚಿಸಿದರು. ವಿಂಟನ್‌ಗೆ ರೇಗಿತು. ಅಷ್ಟು ಬಲ್ಲವರಾದರೆ ಒಂದು ಕಾರನ್ನು ನೀವೇ ಮಾಡಬಾರದೇಕೆ ಎಂದು ಅವರು ಮೂದಲಿಸಿದರಂತೆ.

ಪ್ಯಾಕರ್ಡ್ ಆ ಮಾತನ್ನು ಮೂದಲಿಕೆಯೆಂದು ಬಿಡದೆ ಸವಾಲಾಗಿ ತೆಗೆದುಕೊಂಡರು. ವಿಂಟನ್ ಕಂಪೆನಿಯಲ್ಲೇ ಇದ್ದ ಜಾರ್ಜ್ ವೈಸ್ ಮತ್ತು ವಿಲಿಯಂ ಹ್ಯಾಚರ್ ಎಂಬಿಬ್ಬರನ್ನು ತಮ್ಮ ಕಡೆಗೆ ಸೇರಿಸಿಕೊಂಡರು. 1899ರ ನವೆಂಬರ್ 6ರಂದು, ಒಂದೇ ಸಿಲಿಂಡರಿನ ಮೊದಲ ಪ್ಯಾಕರ್ಡ್ ಕಾರು ವಾರೆನ್ನಿನ ಬೀದಿಗಿಳಿಯಿತು. ಮರುವರ್ಷ ನ್ಯೂಯಾರ್ಕಿನ ಮೋಟಾರು ಪ್ರದರ್ಶನದಲ್ಲಿ, ಅಲ್ಲಿಯವರೆಗೆ ವಿಂಟನ್ ಕಾರು ಬಳಸುತ್ತಿದ್ದ ಕೋಟ್ಯಧೀಶ ವಿಲಿಯಂ ರಾಕ್‌ಫೆಲರ್ ಪ್ಯಾಕರ್ಡ್ ಕೊಂಡರು. ದೂರು ಹೇಳಿದ ಗಿರಾಕಿಯೇ ಎದುರಾಳಿಯಾಗಿ ನಿಂತಿದ್ದ. ಗಿರಾಕಿಯ ಮಾತನ್ನು ತಳ್ಳಿಹಾಕಿದವನ ಗಿರಾಕಿಗಳು ಅತ್ತ ಹೋಗತೊಡಗಿದ್ದರು. ವಿಂಟನ್ ಕಂಪೆನಿ 1924ರಲ್ಲಿ ಕಾರು ತಯಾರಿಕೆಯನ್ನೇ ನಿಲ್ಲಿಸಿತು.

ಒಂದು ಸಾಲಿನ ಜಾಹೀರಾತು

ಕಾರಿನ ವಿಷಯ ಸರಿಯಾಗಿ ತಿಳಿಯಬೇಕೆಂದು ಗಿರಾಕಿಯೊಬ್ಬ ಕಂಪೆನಿಗೆ ಪತ್ರ ಬರೆದನಂತೆ. ಕಳುಹಿಸಲು ಮುದ್ರಿತ ವಿವರಪತ್ರವಿರಲಿಲ್ಲ. ಏನು ಉತ್ತರಿಸಲಿ ಎಂದು ಗುಮಾಸ್ತ ಕೇಳಿದಾಗ, ಪ್ಯಾಕರ್ಡ್ ಕಾರಿನ ಮಾಲಕನನ್ನೇ ಕೇಳಿ ನೋಡಲಿ ಎಂದು ಬರೆದುಬಿಡು ಎಂದರಂತೆ ಪ್ಯಾಕರ್ಡ್. ಹೀಗೆ ಹುಟ್ಟಿದ ಮಾತು 1901ರಿಂದ ಕಂಪೆನಿಯ ಜಾಹೀರಾತಾಯಿತು. ಅದರಲ್ಲಿ ಬೆಲೆಯ ಪ್ರಸ್ತಾಪವಿಲ್ಲ, ವೇಗದ ಬಡಾಯಿಯಿಲ್ಲ. ತೋರಿಕೆಗೆ ಅದು ವಿನಯದ ಮಾತು. ಯೋಚಿಸಿ ನೋಡಿದರೆ ಅದಕ್ಕಿಂತ ದೊಡ್ಡ ಧೈರ್ಯವಿಲ್ಲ. ಮಾರಿದ ಪ್ರತಿಯೊಂದು ಕಾರೂ ಸಾಕ್ಷಿಕಟ್ಟೆ ಹತ್ತಲು ಸಿದ್ಧವಾಗಿರಬೇಕು. ಒಂದು ಕೆಟ್ಟರೂ ಜಾಹೀರಾತು ಸುಳ್ಳಾಗುತ್ತದೆ.

ಆರಂಭದ ದಿನಗಳಲ್ಲಿ ಆ ಧೈರ್ಯಕ್ಕೆ ಆಧಾರವಿತ್ತು. ಬೇರೆ ಕಾರುಗಳನ್ನು ದೋಣಿಯ ಚುಕ್ಕಾಣಿಯಂಥ ಹಿಡಿಕೋಲಿನಿಂದ ತಿರುಗಿಸುತ್ತಿದ್ದಾಗ, ಅಮೇರಿಕದಲ್ಲಿ ಸ್ಟಿಯರಿಂಗ್ ಚಕ್ರವನ್ನು ತಂದ ಮೊದಲಿಗರಲ್ಲಿ ಪ್ಯಾಕರ್ಡ್ ಒಬ್ಬರು. ಡೆಟ್ರಾಯಿಟಿನ ಶ್ರೀಮಂತ ಹೆನ್ರಿ ಜಾಯ್ ನ್ಯೂಯಾರ್ಕಿನಲ್ಲಿ ಒಂದು ದೃಶ್ಯ ಕಂಡರಂತೆ: ಬೆಂಕಿ ಆರಿಸುವ ಗಾಡಿಯೊಂದು ಗಂಟೆ ಬಾರಿಸುತ್ತ ಹೋದಾಗ, ಬೀದಿಬದಿ ನಿಂತಿದ್ದ ಪ್ಯಾಕರ್ಡ್ ಕಾರುಗಳು ತಿರುಗಿಸಿದ ಕೂಡಲೇ ಚಾಲೂ ಆಗಿ ಅದರ ಹಿಂದೆ ಓಡಿದವು. ಹ್ಯಾಂಡಲು ತಿರುಗಿಸಿ ತಿರುಗಿಸಿ ತೋಳು ಸೋಲುತ್ತಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ. ಜಾಯ್ ಕಾರನ್ನೂ ಕೊಂಡರು, ಗೆಳೆಯರನ್ನು ಸೇರಿಸಿ ಕಂಪೆನಿಗೆ ಹಣವನ್ನೂ ಹೂಡಿದರು. 1903ರಲ್ಲಿ ಕಂಪೆನಿ ಡೆಟ್ರಾಯಿಟಿಗೆ ಬಂತು.

ಅದೇ ವರ್ಷದ ಬೇಸಗೆಯಲ್ಲಿ ಟಾಮ್ ಫೆಚ್ ಎಂಬ ಚಾಲಕ ಪ್ಯಾಕರ್ಡ್ ಕಾರಿನಲ್ಲಿ ಸಾನ್‌ಫ್ರಾನ್ಸಿಸ್ಕೋದಿಂದ ನ್ಯೂಯಾರ್ಕಿಗೆ ಸುಮಾರು ಎರಡು ತಿಂಗಳಲ್ಲಿ ತಲಪಿದ. ರಸ್ತೆಯೇ ಇಲ್ಲದ ಮರುಭೂಮಿ, ಬೆಟ್ಟಗಳ ದಾರಿ. ವಿನೋದವೆಂದರೆ, ಆ ದಾರಿಯನ್ನು ಕಾರಿನಲ್ಲಿ ಮೊದಲು ಕ್ರಮಿಸಿದ ಕೀರ್ತಿ ಕೆಲವೇ ವಾರಗಳ ಅಂತರದಲ್ಲಿ ಹೊರೇಶಿಯೋ ನೆಲ್ಸನ್ ಜಾಕ್ಸನ್ ಎಂಬ ವೈದ್ಯರದಾಯಿತು. ಅವರು ಓಡಿಸಿದ್ದು ವಿಂಟನ್ ಕಾರು!

ಹಳೆಯ ಮಾಲಕನ ಮರ್ಯಾದೆ

ಡೆಟ್ರಾಯಿಟಿನ ಈಸ್ಟ್ ಗ್ರಾಂಡ್ ಬುಲೆವಾರ್ಡಿನಲ್ಲಿ ವಾಸ್ತುಶಿಲ್ಪಿ ಆಲ್ಬರ್ಟ್ ಕಾನ್ ಪ್ಯಾಕರ್ಡ್ ಕಾರ್ಖಾನೆಯನ್ನು ಕಟ್ಟಿಸಿದರು. 1905ರಲ್ಲಿ ಅಲ್ಲಿ ಎದ್ದ ಹತ್ತನೆಯ ಕಟ್ಟಡ ಕಬ್ಬಿಣ ಮತ್ತು ಕಾಂಕ್ರೀಟಿನದು. ದಪ್ಪ ಗೋಡೆಗಳ ಕತ್ತಲೆಯಿಲ್ಲದೆ ಗಾಳಿ ಬೆಳಕು ತುಂಬಿದ ಈ ಬಗೆಯ ಕಾರ್ಖಾನೆ ಬಳಿಕ ಇಡೀ ಕಾರು ಉದ್ಯಮಕ್ಕೆ ಮಾದರಿಯಾಯಿತು.

1915ರಲ್ಲಿ ‘ಟ್ವಿನ್ ಸಿಕ್ಸ್’ ಎಂಬ ಹನ್ನೆರಡು ಸಿಲಿಂಡರುಗಳ ಕಾರು ಬಂತು. 1921ರ ಮಾರ್ಚ್ 4ರಂದು ವಾರೆನ್ ಹಾರ್ಡಿಂಗ್ ಅಧ್ಯಕ್ಷ ಪದವಿಯ ಪ್ರಮಾಣವಚನಕ್ಕೆ ಹೋದದ್ದು ಇದೇ ಕಾರಿನಲ್ಲಿ. ಆ ಸಮಾರಂಭಕ್ಕೆ ಮೋಟಾರಿನಲ್ಲಿ ಹೋದ ಮೊದಲ ಅಮೇರಿಕನ್ ಅಧ್ಯಕ್ಷ ಅವರೇ. ಸಿರಿವಂತರ ಕಾರುಗಳ ಸಾಲಿನಲ್ಲಿ 1920ರ ದಶಕದುದ್ದಕ್ಕೂ ಪ್ಯಾಕರ್ಡ್‌ಗೆ ಮುಂಚೂಣಿಯ ಸ್ಥಾನ.

ಈ ಕಾಲದ ಒಂದು ಪದ್ಧತಿಯನ್ನು ಗಮನಿಸಬೇಕು. ಇತರ ಕಂಪೆನಿಗಳು ವರ್ಷಕ್ಕೊಂದು ಹೊಸ ವೇಷ ತೊಡಿಸಿ, ಹೋದ ವರ್ಷದ ಕಾರಿನವನಿಗೆ ಅದು ಹಳತೆಂಬ ಭಾವನೆ ಹುಟ್ಟಿಸುತ್ತಿದ್ದವು. ಪ್ಯಾಕರ್ಡ್ ಹಾಗೆ ಮಾಡಲಿಲ್ಲ. 1904ರ ಹೊತ್ತಿಗೆ ಬಂದ, ಎತ್ತಿನ ನೊಗದಂತೆ ಭುಜ ಇಳಿದ ರೇಡಿಯೇಟರಿನ ಆಕಾರವನ್ನು ದಶಕಗಳ ಕಾಲ ಉಳಿಸಿಕೊಂಡಿತು. ಹತ್ತು ವರ್ಷ ಹಳೆಯ ಕಾರೂ ನೋಡಿದ ಕೂಡಲೇ ‘ಪ್ಯಾಕರ್ಡ್’ ಎಂದು ಗುರುತಾಗುತ್ತಿತ್ತು. ಹಳೆಯ ಮಾಲಕನ ಮರ್ಯಾದೆ ಉಳಿದರೆ ಹೊಸ ಗಿರಾಕಿ ತಾನಾಗಿ ಬರುತ್ತಾನೆ ಎಂಬ ಲೆಕ್ಕಾಚಾರ ಅದು.

ಕಷ್ಟಕಾಲದ ಉಪಾಯ

1929ರ ಬಳಿಕ ಅಮೇರಿಕದ ಆರ್ಥಿಕ ಕುಸಿತದಲ್ಲಿ ಸಿರಿವಂತರ ಕಾರುಗಳ ಹಲವು ಕಂಪೆನಿಗಳು ಬಾಗಿಲು ಮುಚ್ಚಿದವು. ಪ್ಯಾಕರ್ಡ್ 1935ರಲ್ಲಿ ‘ಒನ್ ಟ್ವೆಂಟಿ’ ಎಂಬ ಅಗ್ಗದ ಕಾರನ್ನು ಹೊರತಂದು ಜೀವ ಉಳಿಸಿಕೊಂಡಿತು. ಆರಂಭದ ಬೆಲೆ ಸಾವಿರ ಡಾಲರಿಗೂ ಕಡಿಮೆ. ಮೊದಲ ವರ್ಷವೇ ಸುಮಾರು 25 ಸಾವಿರ ಕಾರುಗಳು ತಯಾರಾದವು. 1937ರಲ್ಲಿ ಇನ್ನೂ ಅಗ್ಗದ ಆರು ಸಿಲಿಂಡರಿನ ಕಾರೂ ಸೇರಿ, ವರ್ಷದ ಒಟ್ಟು ತಯಾರಿ ಲಕ್ಷವನ್ನು ದಾಟಿತು.

ಇದು ಸರಿಯೋ ತಪ್ಪೋ ಎಂಬ ಚರ್ಚೆ ಇಂದಿಗೂ ನಿಂತಿಲ್ಲ. ಸಾಮಾನ್ಯ ಸಂಬಳದಾರನೂ ಪ್ಯಾಕರ್ಡ್ ಏರಿದಾಗ, ಸಿರಿವಂತನಿಗೆ ಆ ಹೆಸರಿನ ಮೇಲಿದ್ದ ಮೋಹ ಕರಗಿತೆಂದು ಕೆಲವರ ವಾದ. ಆದರೆ ಆ ಅಗ್ಗದ ಕಾರು ಕಳಪೆಯಾಗಿರಲಿಲ್ಲ. ಕೊಂಡವರು ದೂರಲಿಲ್ಲ, ನೆರೆಯವರಿಗೂ ಶಿಫಾರಸು ಮಾಡಿದರು. ಹೆಸರಿಗೆ ನಿಜವಾದ ಪೆಟ್ಟು ಬಿದ್ದದ್ದು ಬೆಲೆ ಇಳಿದಾಗಲ್ಲ, ಗುಣ ಇಳಿದಾಗ.

ಮಾಲಕರ ಅಭಿಪ್ರಾಯ ಕೇಳದೆ ಮಾಡಿದ ಹೊಸತನದ ಗತಿ ಏನೆಂಬುದಕ್ಕೆ 1940ರ ಮಾದರಿಯಲ್ಲೊಂದು ಉದಾಹರಣೆಯಿದೆ. ಕಾರ್ಖಾನೆಯಲ್ಲೇ ಹವಾನಿಯಂತ್ರಣ ಅಳವಡಿಸಿ ಕೊಟ್ಟ ಮೊದಲ ಕಾರು ಪ್ಯಾಕರ್ಡ್. ಅದಕ್ಕೆ ಬೆಲೆ ಬೇರೆ, 274 ಡಾಲರು. ಯಂತ್ರ ಡಿಕ್ಕಿಯ ಅರ್ಧ ಜಾಗವನ್ನು ನುಂಗಿತು. ತಂಪು ಸಾಕೆನಿಸಿದರೆ ಕಾರು ನಿಲ್ಲಿಸಿ, ಇಂಜಿನು ಬಂದ್ ಮಾಡಿ, ಮುಂದಿನ ಮುಚ್ಚಳ ಎತ್ತಿ ಬೆಲ್ಟನ್ನು ಕಳಚಬೇಕಿತ್ತು! ಸೂಟು ತೊಟ್ಟ ಮಹನೀಯರು ಇದನ್ನು ಎಷ್ಟು ಮೆಚ್ಚಿರಬಹುದೆಂಬುದನ್ನು ವಾಚಕರೇ ಊಹಿಸಲಿ. ಎರಡೇ ವರ್ಷಗಳಲ್ಲಿ ಆ ಸೌಲಭ್ಯವನ್ನು ಕೈಬಿಡಲಾಯಿತು.

ಯುದ್ಧದ ಕೀರ್ತಿ, ಶಾಂತಿಯ ಸೋಮಾರಿತನ

ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ರೋಲ್ಸ್ ರಾಯ್ಸ್ ಕಂಪೆನಿಯ ‘ಮರ್ಲಿನ್’ ವಿಮಾನ ಇಂಜಿನನ್ನು ಅಮೇರಿಕದಲ್ಲಿ ತಯಾರಿಸುವ ಕೆಲಸವನ್ನು ಹೆನ್ರಿ ಫೋರ್ಡ್ ನಿರಾಕರಿಸಿದರು. 1940ರಲ್ಲಿ ಪ್ಯಾಕರ್ಡ್ ಅದನ್ನು ಒಪ್ಪಿಕೊಂಡು 55 ಸಾವಿರಕ್ಕೂ ಹೆಚ್ಚು ಇಂಜಿನುಗಳನ್ನು ಮಾಡಿಕೊಟ್ಟಿತು. ಮಸ್ಟಾಂಗ್ ಯುದ್ಧವಿಮಾನ ಬರ್ಲಿನ್ ತನಕ ಹಾರಿದ್ದು ಇವುಗಳ ಬಲದಿಂದ. ಅತ್ತ ರಷ್ಯದಲ್ಲಿ ಸ್ಟಾಲಿನ್‌ಗೂ ಪ್ಯಾಕರ್ಡ್ ಎಂದರೆ ಮೆಚ್ಚು. ಯುದ್ಧದ ಕೊನೆಗೆ ಅಲ್ಲಿ ತಯಾರಾದ ‘ಜಿಸ್-110’ ಕಾರನ್ನು ಪ್ಯಾಕರ್ಡಿನ ಪಡಿಯಚ್ಚಿನಂತೆಯೇ ರೂಪಿಸಲಾಗಿತ್ತು.

ಯುದ್ಧ ಮುಗಿದಾಗ ಕಂಪೆನಿಯ ಕೈಯಲ್ಲಿ ಹಣವಿತ್ತು, ತಲೆಯ ಮೇಲೆ ಸಾಲವಿರಲಿಲ್ಲ. ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದೆಂಬ ಗಾದೆ ನಮಗೆ ಗೊತ್ತು. ಕಾರು ಸಿಕ್ಕಿದರೆ ಸಾಕೆಂದು ಜನ ಸರದಿ ನಿಂತಿದ್ದ ಆ ವರ್ಷಗಳಲ್ಲಿ ಏನು ಮಾಡಿದರೂ ಮಾರಾಟವಾಗುತ್ತಿತ್ತು. 1948ರ ಮಾದರಿಗಾಗಿ ಹಳೆಯ ದೇಹಕ್ಕೇ ತಗಡು ಸೇರಿಸಿ ಉಬ್ಬಿಸಿದರು. ಜನ ಅದನ್ನು ‘ಬೋರಲು ಹಾಕಿದ ಸ್ನಾನದ ತೊಟ್ಟಿ’ ಎಂದರು, ‘ಗರ್ಭಿಣಿ ಆನೆ’ ಎಂದರು. 1949ರಲ್ಲಿ ಕ್ಯಾಡಿಲಾಕ್ ಹೊಸ ಬಗೆಯ ವಿ-8 ಇಂಜಿನನ್ನು ತಂದಿತು. ಪ್ಯಾಕರ್ಡ್‌ನ ವಿ-8 ಬಂದದ್ದು 1955ರಲ್ಲಿ. ಆ ಆರು ವರ್ಷಗಳಲ್ಲಿ ಹಳೆಯ ಮಾಲಕರು ಒಬ್ಬೊಬ್ಬರಾಗಿ ಕ್ಯಾಡಿಲಾಕಿಗೆ ಹೋದರು.

ಸಾಕ್ಷಿಗಳು ತಿರುಗಿ ಬಿದ್ದಾಗ

1952ರಲ್ಲಿ ಬಂದ ಅಧ್ಯಕ್ಷ ಜೇಮ್ಸ್ ನ್ಯಾನ್ಸ್ ಎಚ್ಚೆತ್ತರು. ಆದರೆ ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತಾಯಿತು. ಪ್ಯಾಕರ್ಡ್‌ಗೆ ಕಾರಿನ ದೇಹ ಮಾಡಿಕೊಡುತ್ತಿದ್ದ ಬ್ರಿಗ್ಸ್ ಕಂಪೆನಿಯನ್ನು 1953ರಲ್ಲಿ ಕ್ರೈಸ್ಲರ್ ಕೊಂಡುಕೊಂಡಿತು. ಬೇರೆ ದಾರಿಯಿಲ್ಲದೆ ಪ್ಯಾಕರ್ಡ್ ಕಾನರ್ ಅವೆನ್ಯೂವಿನ ಇಕ್ಕಟ್ಟಿನ ಕಾರ್ಖಾನೆಗೆ ಕೆಲಸವನ್ನು ಸಾಗಿಸಿತು. 1954ರಲ್ಲಿ ಸ್ಟೂಡಿಬೇಕರ್ ಕಂಪೆನಿಯನ್ನು ತನ್ನೊಳಗೆ ಸೇರಿಸಿಕೊಂಡಿತು. ಆ ಕಂಪೆನಿಯ ನಷ್ಟದ ಆಳ ತಿಳಿದದ್ದು ಆಮೇಲೆ.

1955ರ ಪ್ಯಾಕರ್ಡ್ ಕಾಗದದ ಮೇಲೆ ಅದ್ಭುತ. ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ತಿರುಚುವ ಉಕ್ಕಿನ ಸರಳುಗಳ ಹೊಸ ಜೋಡಣೆ. ಭಾರ ಹೆಚ್ಚಾದರೆ ವಿದ್ಯುತ್ ಮೋಟಾರು ಕಾರನ್ನು ತಾನಾಗಿ ಸಮತಟ್ಟು ಮಾಡುತ್ತಿತ್ತು. ಹೊಂಡದ ರಸ್ತೆಯಲ್ಲೂ ಅಲುಗದ ಆ ಸವಾರಿಯನ್ನು ಎಲ್ಲರೂ ಹೊಗಳಿದರು. ಆದರೆ ಕಾರ್ಖಾನೆಯಿಂದ ಹೊರಬಂದ ಕಾರುಗಳ ಜೋಡಣೆ ಸರಿಯಿರಲಿಲ್ಲ. ಹೊಸ ಇಂಜಿನಿನ ಎಣ್ಣೆ ಪಂಪು ತೊಂದರೆ ಕೊಟ್ಟಿತು, ಸ್ವಯಂಚಾಲಿತ ಗೇರು ಕೈಕೊಟ್ಟಿತು, 1956ರ ಕಾರುಗಳಲ್ಲಿ ಹಿಂದಿನ ಆಕ್ಸಲಿನಲ್ಲೇ ದೋಷ ಕಂಡುಬಂತು. ‘ಮಾಲಕನನ್ನೇ ಕೇಳಿ’ ಎಂಬ ಮಾತು ಈಗ ತಿರುಗುಬಾಣವಾಯಿತು. ಕೇಳಿದವರಿಗೆ ಮಾಲಕರು ಇದ್ದದ್ದನ್ನು ಇದ್ದಂತೆ ಹೇಳಿದರು. 1955ರಲ್ಲಿ ಸುಮಾರು 55 ಸಾವಿರವಿದ್ದ ತಯಾರಿ ಮರುವರ್ಷ 29 ಸಾವಿರಕ್ಕೆ ಇಳಿಯಿತು.

1956ರ ಜೂನ್ 25ರಂದು ಡೆಟ್ರಾಯಿಟಿನಲ್ಲಿ ಕೊನೆಯ ಪ್ಯಾಕರ್ಡ್ ತಯಾರಾಯಿತು. ತಂದೆಯ ಕಾಲದಿಂದ ಅಲ್ಲೇ ದುಡಿದ ಕಾರ್ಮಿಕರು ಮನೆಗೆ ಹೋದರು. ಮತ್ತೆರಡು ವರ್ಷ ಇಂಡಿಯಾನಾದ ಸೌತ್‌ಬೆಂಡಿನಲ್ಲಿ ಸ್ಟೂಡಿಬೇಕರ್ ಕಾರಿಗೇ ಪ್ಯಾಕರ್ಡ್ ಹೆಸರು ಅಂಟಿಸಿ ಮಾರಿದರು. ಜನ ಅದನ್ನು ‘ಪ್ಯಾಕರ್ಡ್‌ಬೇಕರ್’ ಎಂದು ಗೇಲಿ ಮಾಡಿದರು. ಹೆಸರು ಬಲ್ಲವರನ್ನು ಬರೇ ಹೆಸರಿನಿಂದ ಏಮಾರಿಸಲಾಗಲಿಲ್ಲ. 1958ರಲ್ಲಿ ಅದೂ ನಿಂತಿತು.

ಉಳಿದವರು ಮಾಲಕರೇ

ಸುಮಾರು 35 ಲಕ್ಷ ಚದರ ಅಡಿಯ ಆ ಡೆಟ್ರಾಯಿಟ್ ಕಾರ್ಖಾನೆ ದಶಕಗಳ ಕಾಲ ಪಾಳುಬಿದ್ದು, ನಗರದ ದುರವಸ್ಥೆಯ ಗುರುತಾಗಿ ನಿಂತಿತು. ರಸ್ತೆಯ ಮೇಲೆ ಹಾದಿದ್ದ ಅದರ ಸೇತುವೆ 2019ರ ಜನವರಿಯಲ್ಲಿ ಕುಸಿಯಿತು. 2022ರಲ್ಲಿ ಕೆಡಹುವ ಕೆಲಸ ಆರಂಭವಾಗಿ 2024ರ ಕೊನೆಯ ವೇಳೆಗೆ ಬಹುಭಾಗ ನೆಲಸಮವಾಯಿತು. ಮೊದಲ ಪ್ಯಾಕರ್ಡ್ ಕಾರು ಮಾತ್ರ, ಜೇಮ್ಸ್ ಪ್ಯಾಕರ್ಡ್ ತಾವು ಕಲಿತ ಲೀಹಾಯ್ ವಿಶ್ವವಿದ್ಯಾನಿಲಯಕ್ಕೆ ಹಣಕೊಟ್ಟು ಕಟ್ಟಿಸಿದ ಪ್ರಯೋಗಶಾಲೆಯಲ್ಲಿ ಭದ್ರವಾಗಿದೆ. ವಾರೆನ್ನಿನಲ್ಲಿ 1999ರಲ್ಲಿ ವಸ್ತುಸಂಗ್ರಹಾಲಯವೂ ತೆರೆಯಿತು.

ಹಳೆಯ ಪ್ಯಾಕರ್ಡ್ ಕಾರುಗಳನ್ನು ಇಂದಿಗೂ ಓಡಿಸುವ ಮಾಲಕರಿದ್ದಾರೆ. ಅವರಿಗೆ ತಮ್ಮದೇ ಸಂಘಗಳಿವೆ; ಸಿಗದ ಬಿಡಿಭಾಗಗಳನ್ನು ಹುಡುಕಿ ಹಂಚಿಕೊಳ್ಳುತ್ತಾರೆ. 1955ರ ಕಾರಿನ ಎಣ್ಣೆ ಪಂಪಿಗೆ ಏನು ಮದ್ದು ಎಂಬುದನ್ನೂ ಅವರೇ ಕಂಡುಕೊಂಡಿದ್ದಾರೆ. ಕಂಪೆನಿ ಸಕಾಲದಲ್ಲಿ ಮಾಡಬೇಕಾಗಿದ್ದ ಕೆಲಸವನ್ನು ಅದು ಅಳಿದ ಬಳಿಕ ಮಾಲಕರು ಮಾಡಿದ್ದಾರೆ. ಜಾಹೀರಾತನ್ನು ಯಾವ ಕಂಪೆನಿಯೂ ಬರೆಸಬಹುದು. ಅದು ನಿಜವೋ ಸುಳ್ಳೋ ಎಂದು ತೀರ್ಪು ಕೊಡುವವನು ಮಾತ್ರ ದುಡ್ಡು ಕೊಟ್ಟು ಕೊಂಡವನು.