ಜಾಕ್ ನಂಬಿ ಕಾರಿನಡಿ ಕೈ ಹಾಕಿದ್ದೆ!

ಕ್ಯಾಲಿಫೋರ್ನಿಯಾದಲ್ಲಿ ಮೆಕ್ಯಾನಿಕ್ ಕೂಲಿ ಕೇಳಿದ್ರೆ ಎದೆ ಝಲ್ ಅನ್ನುತ್ತೆ. ಹಾಗಾಗಿ ನನ್ನ ಹಳೇ ಮಾಜ್ದಾ ಮಿಯಾಟಾದ ಹಿಂದಿನ ಬ್ರೇಕ್ ಪ್ಯಾಡ್ ನಾನೇ ಬದಲಿಸೋಕೆ ಹೊರಟೆ. ಮನೇಲಿದ್ದ ಜಾಕ್ ಕಾರಿನಡಿ ನುಗ್ಗಲೇ ಇಲ್ಲ!

ಜಾಕ್ ಕೊಳ್ಳುವಾಗ ಎಲ್ರೂ ಕೇಳೋದು ‘ಎಷ್ಟು ಟನ್?’ ಅಂತ. ಮಿಯಾಟಾ ತೂಕವೇ ಒಂದು ಟನ್ ಆಸುಪಾಸು. 2 ಟನ್ ಜಾಕ್ ಧಾರಾಳ. ತಗ್ಗಿನ ಕಾರಿಗೆ ನೋಡಬೇಕಾದ್ದು ಜಾಕನ್ನು ಪೂರ್ತಿ ಇಳಿಸಿದಾಗಿನ ಎತ್ತರ. ಸಾಮಾನ್ಯ ಜಾಕಿಗೆ ಅದು ಸುಮಾರು 13 ಸೆಂ.ಮೀ., ಲೋ ಪ್ರೊಫೈಲ್ ಜಾಕಿಗೆ 8-9. ಅದೂ ಸಾಲದಿದ್ರೆ ಮೊದಲು ಚಕ್ರಗಳನ್ನು ದಪ್ಪ ಹಲಗೆ ಮೇಲೆ ಹತ್ತಿಸಿ.

ಹಿಂಭಾಗ ಎತ್ತುವಾಗ ಮುಂದಿನ ಚಕ್ರಗಳಿಗೆ ಮರದ ತುಂಡು ಅಡ್ಡ ಕೊಡಿ. ಹ್ಯಾಂಡ್‌ಬ್ರೇಕ್ ಹಿಡಿಯೋದು ಹಿಂದಿನ ಚಕ್ರಗಳನ್ನ ಮಾತ್ರ, ಅವು ಗಾಳೀಲಿರ್ತವಲ್ಲ! ಜಾಕಿನ ಗಾಲಿಗೆ ಮಾತ್ರ ಏನೂ ಅಡ್ಡ ಬೇಡ. ಎತ್ತಿದ ಹಾಗೆ ಅದು ತಾನೇ ಸರಿಯಬೇಕು, ಇಲ್ಲಾಂದ್ರೆ ತಲೆ ಜಾರುತ್ತೆ.

ಅಗ್ಗಕ್ಕೆ ಸಿಕ್ತು ಅಂತ ಸೆಕೆಂಡ್‌ಹ್ಯಾಂಡ್ ಜಾಕ್ ತಂದಿದ್ದೆ. ಒಂದೇ ಬೋಲ್ಟ್ ತಾನೇ ಅಂತ ಸ್ಟ್ಯಾಂಡ್ ಇಡದೆ ಕೈ ಹಾಕಿದೆ. ಸ್ಪ್ಯಾನರ್ ತರೋಕೆ ಎದ್ದು ಹೋಗಿ ಬರೋಷ್ಟರಲ್ಲಿ ಕಾರು ಮೂರು ಬೆರಳು ಕೆಳಗಿಳಿದಿತ್ತು. ಸೀಲ್ ಸೋರಿದ್ರೆ ಸದ್ದೇ ಬರಲ್ಲ.

ಈಗ ಮ್ಯಾನ್ಯುಯಲ್ ತೋರಿಸಿದ ಜಾಗದಲ್ಲೇ ಎರಡು ಸ್ಟ್ಯಾಂಡ್ ಕೊಟ್ಟು, ಕಾರನ್ನ ಅಲುಗಾಡಿಸಿ ನೋಡಿ, ಬಿಚ್ಚಿದ ಚಕ್ರವನ್ನೂ ಅಡಿಯಲ್ಲಿ ಮಲಗಿಸ್ತೀನಿ. ಊರಲ್ಲಿರೋ ಅಮ್ಮಂಗೆ ಇದನ್ನ ಇನ್ನೂ ಹೇಳಿಲ್ಲ.